ಕಿರ್ದಿ ಪುಸ್ತಕದಲ್ಲಿ ಬರೆದಿಟ್ಟ ರಾಗಗಳು

ಹೋದ ತಿಂಗಳು ತಂಗಿಯ ಮಗ ಅಮೆರಿಕದಿಂದ ಫೋನ್ ಮಾಡಿದ್ದ. ಹೊಸ ಕಾರು ತಗೊಂಡಿದ್ದಾನೆ. ಅದರ ಜೊತೆ ಮೂರು ತಿಂಗಳು ಸಿರಿಯಸ್ ಎಕ್ಸ್‌ಎಂ ಉಪಗ್ರಹ ರೇಡಿಯೋ ಪುಕ್ಕಟೆ ಬಂದಿದೆ. ಆಮೇಲೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು.

"ಮಾಮ, ಕಟ್ಲಾ, ಬಿಡ್ಲಾ? ನೀವು ಹಿಂದೆ ಇಂಥದ್ದೇ ಒಂದು ಇಟ್ಕೊಂಡಿದ್ರಿ ಅಲ್ವಾ?" ಅಂತ ಕೇಳಿದ.

ಅವನಿಗೆ ಬ್ಲೂಗ್ರಾಸ್ ಅನ್ನೋ ಸಂಗೀತದ ಹುಚ್ಚು. ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್ ಇಟ್ಟುಕೊಂಡು ನಾಲ್ಕೈದು ಜನ ಕೂಡಿ ಹಾಡುತ್ತಾರೆ. ಅಲ್ಲಿನ ಬೆಟ್ಟದ ಸೀಮೆಯ ಸಂಗೀತ. ಅಮೆರಿಕದಲ್ಲೂ ಎಲ್ಲರೂ ಕೇಳೋದಲ್ಲವಂತೆ. ಅದಕ್ಕೇ ಅಂತ ಆ ರೇಡಿಯೋದಲ್ಲಿ ಬ್ಲೂಗ್ರಾಸ್ ಜಂಕ್ಷನ್ ಅನ್ನೋ ಒಂದು ಚಾನೆಲ್ ಇದೆ. ದಾವಣಗೆರೆಯ ಹುಡುಗನಿಗೆ ಅದು ಹೇಗೆ ಹಿಡಿಸಿತೋ! ಆದರೆ ಸಂಗೀತ ಹಿಡಿಸೋದೇ ಹಾಗೆ, ಕಾರಣ ಕೇಳಿ ಬರೋದಿಲ್ಲ.

ಫೋನಿನಲ್ಲಿ ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಎರಡು ಮಾತಲ್ಲಿ ಮುಗಿಯುವಂಥದ್ದಲ್ಲ ಅದು. ಅಟ್ಟದ ಮೇಲಿನ ಟ್ರಂಕು ಇಳಿಸಿ ನನ್ನ ಹಳೆಯ ಕಿರ್ದಿ ಪುಸ್ತಕಗಳನ್ನು ತೆಗೆದೆ. ಅವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಾನು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಮೆಕ್ಕೆಜೋಳದ ಸುಗ್ಗಿಯಲ್ಲಿ ರಾತ್ರಿ ಹತ್ತಾದರೂ ಕಿರ್ದಿ ಮುಗಿಯುತ್ತಿರಲಿಲ್ಲ. ಅಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಅಪ್ಪನಿಗೆ ಎರಡು ಆಸೆ. ಒಂದು ಕಂಪನಿ ನಾಟಕ. ಇನ್ನೊಂದು ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯಲ್ಲಿ ಬರುತ್ತಿದ್ದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ. 1952ರಲ್ಲಿ ಶುರುವಾದದ್ದು ಅದು. ನಮ್ಮ ಮನೆಯಲ್ಲಿ ಶನಿವಾರ ಆ ಹೊತ್ತಿಗೆ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ.

ಧಾರವಾಡ ಕೇಂದ್ರವನ್ನು ನಾವು ಮೀಡಿಯಂ ವೇವ್‌ನಲ್ಲಿ ಹಿಡಿಯುತ್ತಿದ್ದೆವು. ಹಗಲು ಪರವಾಗಿಲ್ಲ. ರಾತ್ರಿಯಾದರೆ ಮೀಡಿಯಂ ವೇವ್ ಅಲೆಗಳು ಮೇಲಿನ ವಾತಾವರಣದಿಂದ ಪುಟಿದು ನೂರಾರು ಮೈಲಿ ದೂರ ಹೋಗುತ್ತವೆ. ಹಾಗಾಗಿ ಎಲ್ಲೆಲ್ಲಿಯದೋ ಸ್ಟೇಷನ್‌ಗಳು ನಮ್ಮ ಸ್ಟೇಷನ್ ಮೇಲೆ ಬಂದು ಕೂರುತ್ತಿದ್ದವು. ಮಲ್ಲಿಕಾರ್ಜುನ ಮನಸೂರರು ಒಂದು ತಾನ್ ತಗೊಂಡು ಮೇಲೆ ಹೋಗುವಾಗ ಹಿಂದಿನಿಂದ ಬೇರೆ ಯಾವುದೋ ಭಾಷೆಯ ವಾರ್ತೆ ಕೇಳುತ್ತಿತ್ತು. ಅಪ್ಪ ರೇಡಿಯೋವನ್ನು ಎತ್ತಿ ತಿರುಗಿಸಿ, ಗೋಡೆಗೆ ಓರೆಯಾಗಿ ಇಟ್ಟು, ಕಿವಿ ಹಚ್ಚಿ ಕೂರುತ್ತಿದ್ದರು. ನಾನು ಸಂಗೀತ ಕಲಿತದ್ದು ಹೀಗೆ, ಗೊರಗೊರ ಸದ್ದಿನ ನಡುವಿಂದ ಹೆಕ್ಕಿಕೊಂಡು.

ನನಗೆ ಹಿಡಿದದ್ದು ಜೈಪುರ ಅತ್ರೌಲಿ ಘರಾಣೆ. ಘರಾಣೆ ಅಂದರೆ ಹಿಂದೂಸ್ತಾನಿ ಸಂಗೀತದಲ್ಲಿ ಗುರುವಿನಿಂದ ಶಿಷ್ಯರಿಗೆ ಬಂದ ಹಾಡುವ ಪದ್ಧತಿ. ಇದು ಅಲ್ಲಾದಿಯಾ ಖಾನ್ ಸಾಹೇಬರ ಪರಂಪರೆ. ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡೀಕರ್, ನಮ್ಮ ಮನಸೂರರು. ಇವರ ವಿಶೇಷ ಅಂದರೆ ಅಪರೂಪದ ರಾಗಗಳು, ಎರಡು ಮೂರು ರಾಗ ಬೆರೆಸಿದ ಜೋಡಿ ರಾಗಗಳು. ಶಿವಮತ ಭೈರವ, ಖಟ್, ನಟ ಬಿಹಾಗ್, ಸಂಪೂರ್ಣ ಮಾಲಕಂಸ. ಇವನ್ನು ಹಾಡುವವರೂ ಕಡಿಮೆ, ಕೇಳುವವರೂ ಕಡಿಮೆ. ನಮ್ಮೂರಿನ ಕ್ಯಾಸೆಟ್ ಅಂಗಡಿಯಲ್ಲಿ ಭೀಮಸೇನ ಜೋಶಿಯವರ ದಾಸವಾಣಿ ಯಾವಾಗಲೂ ಇರುತ್ತಿತ್ತು. ಮೋಗೂಬಾಯಿಯವರ ಹೆಸರು ಹೇಳಿದರೆ, "ಬರೆದು ಕೊಟ್ಟು ಹೋಗಿ ಸರ್, ಹುಬ್ಬಳ್ಳಿಯಿಂದ ತರಿಸೋಣ" ಅನ್ನುತ್ತಿದ್ದರು. ಬರುತ್ತಿರಲಿಲ್ಲ.

2006ರಲ್ಲಿ ವರ್ಲ್ಡ್‌ಸ್ಪೇಸ್ ಹೆಸರು ಕೇಳಿದೆ. ಅದೂ ಚಂದಾ ಕಟ್ಟಿ ಕೇಳುವ ಉಪಗ್ರಹ ರೇಡಿಯೋ. ಎ. ಆರ್. ರೆಹಮಾನ್ ಅದರ ಜಾಹೀರಾತಿನಲ್ಲಿದ್ದರು. ಇಥಿಯೋಪಿಯಾ ಮೂಲದ ನೋಹ್ ಸಮಾರಾ ಅನ್ನುವವರು 1990ರಲ್ಲಿ ಕಟ್ಟಿದ ಕಂಪನಿ. ಆಫ್ರಿಕಾ, ಏಷ್ಯಾದ ಮೂಲೆ ಮೂಲೆಗೂ ರೇಡಿಯೋ ತಲುಪಿಸಬೇಕು ಅನ್ನೋದು ಅವರ ಮೊದಲ ಕನಸು. 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿಸಿದರು. ಭಾರತದ ಕಚೇರಿ ಬೆಂಗಳೂರಿನಲ್ಲಿತ್ತು. ಹಿಂದೂಸ್ತಾನಿಗೆ ಗಂಧರ್ವ, ಕರ್ನಾಟಕ ಸಂಗೀತಕ್ಕೆ ಶ್ರುತಿ ಅಂತ ಬೇರೆ ಬೇರೆ ಚಾನೆಲ್. ಕನ್ನಡಕ್ಕೆ ಸ್ಪರ್ಶ. ಇಪ್ಪತ್ನಾಲ್ಕು ಗಂಟೆ ಬರೀ ಹಿಂದೂಸ್ತಾನಿ ಸಂಗೀತ! ಶನಿವಾರ ರಾತ್ರಿಯ ಒಂದೂವರೆ ಗಂಟೆಗೆ ಇಡೀ ವಾರ ಕಾದ ಮನೆ ನಮ್ಮದು. ನನಗೆ ಅವತ್ತು ನಿದ್ದೆ ಬರಲಿಲ್ಲ.

ರಿಸೀವರ್, ಒಂದು ವರ್ಷದ ಚಂದಾ ಎಲ್ಲ ಸೇರಿ ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹೋಯಿತು. ಮನೆಯಲ್ಲಿ ನನ್ನಾಕೆ ಏನೂ ಅನ್ನಲಿಲ್ಲ. "ನೀವು ಬೀಡಿ ಇಲ್ಲ, ಎಲೆಅಡಿಕೆ ಇಲ್ಲ. ಇದೊಂದು ಇರ್ಲಿ ಬಿಡ್ರಿ" ಅಂದಳು. ಆ ಮಾತು ನನಗೆ ಇನ್ನೂ ನೆನಪಿದೆ.

ಕೂಡಿಸಲು ಬಂದ ಹುಡುಗ ಅಂಗೈಗಿಂತ ಸ್ವಲ್ಪ ದೊಡ್ಡ ಚಪ್ಪಟೆ ಆಂಟೆನಾವನ್ನು ಬೀದಿ ಕಡೆಯ ಕಿಟಕಿಯಲ್ಲಿಟ್ಟ. ಅದು ಪಡುವಣ ಕಿಟಕಿ. "ಆಕಾಶ ಕಾಣ್ತೈತಲ್ಲ ಸರ್, ಬರ್ತೈತೆ" ಅಂದ. ಬರಲಿಲ್ಲ. ಕೇಬಲ್ ಸರಿಯಿಲ್ಲ ಅಂದ, ರಿಸೀವರ್ ನೋಡಬೇಕು ಅಂದ, ನಾಳೆ ಬರ್ತೀನಿ ಅಂತ ಹೋದವನು ಮೂರು ದಿನ ಬರಲಿಲ್ಲ. ನಾನೇ ಕೂತು ಜೊತೆಗೆ ಬಂದ ಪುಸ್ತಕ ಓದಿದೆ.

ಏಷ್ಯಾಸ್ಟಾರ್ ಇದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅಂದರೆ ಸಿಂಗಪುರದ ಹತ್ತಿರ, ಸಮಭಾಜಕ ವೃತ್ತದ ನೇರ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಮ್ಮೂರಿಂದ ನೋಡಿದರೆ ಅದು ಮೂಡಣಕ್ಕೆ, ತುಸು ದಕ್ಷಿಣಕ್ಕೆ ಸರಿದು, ನಡು ಆಕಾಶಕ್ಕಿಂತ ಸ್ವಲ್ಪ ಕೆಳಗೆ ಇರುತ್ತದೆ. ಸುಲಭವಾಗಿ ಹೇಳೋದಾದರೆ, ಶಿವರಾತ್ರಿಯ ಆಸುಪಾಸಿನಲ್ಲಿ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೋ ಹೆಚ್ಚುಕಡಿಮೆ ಅಲ್ಲೇ. ಅಡುಗೆಮನೆಯ ಕಿಟಕಿಯಿಂದ ಆ ಜಾಗ ಕಾಣುತ್ತಿತ್ತು. ಆಂಟೆನಾವನ್ನು ಅಲ್ಲಿಗೆ ತಂದು, ಕೈಯಲ್ಲಿ ಹಿಡಿದು ಒಂದೊಂದೇ ಬೆರಳಿನಷ್ಟು ವಾಲಿಸುತ್ತಾ ಹೋದೆ. ಸಿಗ್ನಲ್ ಗೆರೆ ಸೊನ್ನೆಯಿಂದ ಎರಡಕ್ಕೆ, ನಾಲ್ಕಕ್ಕೆ ಏರಿತು. ಏನೂ ಗೊರಗೊರ ಇಲ್ಲದೆ, ಬಾವಿಯಿಂದ ನೀರು ಸೇದಿದಷ್ಟು ಸ್ವಚ್ಛವಾಗಿ ತಂಬೂರಿ ಕೇಳಿತು.

ಅಪ್ಪ ಆಗ ಎಂಬತ್ತು ದಾಟಿದ್ದರು. ಒಳಗಿಂದ ಗೋಡೆ ಹಿಡಿದುಕೊಂಡು ಬಂದರು. "ಯಾರದು?" ಅಂದರು. "ಉಪಗ್ರಹದಿಂದ ಬರ್ತಿರೋದು ಅಪ್ಪ" ಅಂದೆ. "ಅದಲ್ಲಪ್ಪ, ಹಾಡ್ತಿರೋರು ಯಾರು?" ಅಂದರು.

ಆ ರೇಡಿಯೋದ ಬೆಲೆ ನನಗೆ ಗೊತ್ತಾದದ್ದು ಈ ಪ್ರಶ್ನೆಯಿಂದಲೇ. ಹಾಡು ಮುಗಿದ ಮೇಲೆ ನಿರೂಪಕರು ಹಾಡಿದವರ ಹೆಸರು, ರಾಗದ ಹೆಸರು ಹೇಳುತ್ತಿದ್ದರು. ಕೆಲವು ಸಲ ಗುರು ಯಾರು, ಯಾವ ಘರಾಣೆ ಅಂತಲೂ. ನಾನು ಅಂಗಡಿಯಿಂದ ಒಂದು ಖಾಲಿ ಕಿರ್ದಿ ಪುಸ್ತಕ ಕೇಳಿ ತಂದೆ. ನಮ್ಮ ಕಿರ್ದಿಯಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಜಮಾ ಕಡೆ ಕೇಳಿದ ರಾಗ, ಹಾಡಿದವರು, ತಾರೀಕು, ಹೊತ್ತು ಬರೆದೆ. ಖರ್ಚಿನ ಕಡೆ ಹೆಸರು ತಪ್ಪಿಹೋದವನ್ನು ಬರೆದೆ. "ಬೆಳಿಗ್ಗೆ 6.20, ಹೆಂಗಸಿನ ದನಿ, ಭೈರವದ ಹಾಗೆ ಶುರುವಾಗಿ ಬೇರೆಲ್ಲೋ ಹೋಯಿತು, ಹಾಲಿನವನು ಬಂದ" ಹೀಗೆ. ಹೊಸದಾಗಿ ಕೇಳಿದ್ದರ ಮುಂದೆ ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ.

ಈಗ ಆ ಚುಕ್ಕೆಗಳನ್ನು ಎಣಿಸಿದೆ. ಮೊದಲ ತಿಂಗಳು ಜಮಾದಲ್ಲಿ 96 ಸಾಲು. ಅದರಲ್ಲಿ ಕೆಂಪು ಚುಕ್ಕೆ 61. ಅಂದರೆ ಮೂವತ್ತು ವರ್ಷ ಸಂಗೀತ ಕೇಳಿದವನಿಗೆ ಒಂದೇ ತಿಂಗಳಲ್ಲಿ ಅರವತ್ತಕ್ಕೂ ಜಾಸ್ತಿ ಹೊಸದು ಸಿಕ್ಕಿತು. ನಾನೇ ಹುಡುಕಿದ್ದರೆ ಅದರಲ್ಲಿ ಐದೂ ಸಿಗುತ್ತಿರಲಿಲ್ಲ. ಹೆಸರೇ ಗೊತ್ತಿಲ್ಲದ್ದನ್ನು ಹುಡುಕೋದು ಹೇಗೆ? ಗೊತ್ತಿರುವ ಯಾರೋ ಆರಿಸಿ ನಮ್ಮ ಮುಂದೆ ಇಡಬೇಕು. ಆಮೇಲೆ ಹೆಸರು ಹೇಳಬೇಕು. ನಮ್ಮಂಥವರಿಗೆ ಬೇಕಾದದ್ದು ಇದು.

ದನಿಯ ಗುಣಮಟ್ಟದ ಬಗ್ಗೆಯೂ ಹೇಳಬೇಕು. ಅವರು ಎಂಪಿ3 ಥರದ್ದೇ ಪದ್ಧತಿಯಲ್ಲಿ ದನಿಯನ್ನು ಕುಗ್ಗಿಸಿ ಕಳಿಸುತ್ತಿದ್ದರು. ಒಂದೇ ಉಪಗ್ರಹದಲ್ಲಿ ಹತ್ತಾರು ಚಾನೆಲ್ ತುಂಬಬೇಕಲ್ವಾ? ಒಳ್ಳೆಯ ಕ್ಯಾಸೆಟ್ಟಿಗಿಂತ ಮೇಲು, ಸಿಡಿಗಿಂತ ಕೆಳಗೆ. ತಂಬೂರಿಯ ಝೇಂಕಾರದ ಮೇಲಿನ ತುದಿ ಸ್ವಲ್ಪ ಸವೆದ ಹಾಗೆ ಕೇಳುತ್ತಿತ್ತು. ಮೀಡಿಯಂ ವೇವ್ ಕೇಳಿ ಬೆಳೆದ ನನಗೆ ಅದು ದೊಡ್ಡದಾಗಿ ಕಾಣಲಿಲ್ಲ.

ಮಳೆಗೂ ಅದು ಜಗ್ಗುತ್ತಿರಲಿಲ್ಲ. ಅದರ ಅಲೆ ಸುಮಾರು 1.5 ಗಿಗಾಹರ್ಟ್ಸ್‌ನದು, ಒಂದೊಂದು ಅಲೆ ಹೆಚ್ಚುಕಡಿಮೆ ಒಂದು ಗೇಣು ಉದ್ದ. ಮಳೆಹನಿ ಅದಕ್ಕೆ ಏನೂ ಮಾಡಲಾರದು. ಆದರೆ ಗೋಡೆ, ಮರ ಅಡ್ಡ ಬಂದರೆ ಮುಗಿಯಿತು. ಆಂಟೆನಾಗೆ ಉಪಗ್ರಹ ನೇರವಾಗಿ ಕಾಣಬೇಕು. ಅಮೆರಿಕದಲ್ಲಿ ಊರೊಳಗೆ ನೆಲದ ಮೇಲೂ ಮರುಪ್ರಸಾರದ ಗೋಪುರಗಳನ್ನು ಹಾಕಿದ್ದಾರೆ. ಅದಕ್ಕೇ ಅಲ್ಲಿ ಕಟ್ಟಡಗಳ ನಡುವೆ ಓಡುವ ಕಾರಿನಲ್ಲೂ ಕೇಳುತ್ತದೆ. ಇಲ್ಲಿ ಆ ವ್ಯವಸ್ಥೆ ಆಗಲಿಲ್ಲ. ಹಾಗಾಗಿ ನಮ್ಮದು ಮನೆಯಲ್ಲಿ ಒಂದು ಕಡೆ ಕೂತು ಕೇಳುವ ರೇಡಿಯೋ ಆಗಿಯೇ ಉಳಿಯಿತು.

2008ರಲ್ಲಿ ಪಕ್ಕದ ಮನೆಯವರು ಮೇಲೊಂದು ಮನೆ ಕಟ್ಟಿದರು. ಅಡುಗೆಮನೆ ಕಿಟಕಿಯ ಎದುರಿಗೆ ನಾಲ್ಕು ಅಡಿ ದೂರದಲ್ಲಿ ಗೋಡೆ ಎದ್ದಿತು. ಅವರದೇನೂ ತಪ್ಪಿಲ್ಲ, ಮಗನ ಮದುವೆ ಇತ್ತು. ಗೋಡೆ ಏರಿದಂತೆ ನನ್ನ ಸಿಗ್ನಲ್ ಇಳಿಯಿತು. ಆಂಟೆನಾವನ್ನು ಮಾಳಿಗೆ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕಟ್ಟಿ ಉದ್ದದ ಕೇಬಲ್ ಎಳೆದೆ. ಕೇಬಲ್ ಉದ್ದ ಆದಷ್ಟೂ ಸಿಗ್ನಲ್ ಸೋರುತ್ತದೆ. ಕೊನೆಗೆ ರಿಸೀವರನ್ನೇ ಮೇಲಕ್ಕೆ ಒಯ್ದೆ. ಊಟ ಆದ ಮೇಲೆ ಚಾಪೆ, ಕಿರ್ದಿ ಪುಸ್ತಕ, ಟಾರ್ಚು ತಗೊಂಡು ಮಾಳಿಗೆ ಹತ್ತುವುದು ರೂಢಿಯಾಯಿತು. ಬೇಸಿಗೆ ರಾತ್ರಿ, ಮೇಲೆ ಆಕಾಶ, ಅಲ್ಲೆಲ್ಲೋ ಕಣ್ಣಿಗೆ ಕಾಣದ ಉಪಗ್ರಹ, ಕೆಳಗೆ ನಮ್ಮೂರು. ಕೇಸರಬಾಯಿಯವರ ಭೈರವಿಯನ್ನು 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಹಾಕಿ ಕಳಿಸಿದ್ದಾರೆ. ಅದು ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗುತ್ತಲೇ ಇದೆ. ಅದೇ ದನಿ ಇನ್ನೊಂದು ದಾರಿಯಲ್ಲಿ ನನ್ನ ಮಾಳಿಗೆಗೂ ಇಳಿದು ಬಂತಲ್ಲ ಅಂತ ಎಷ್ಟೋ ರಾತ್ರಿ ಅನ್ನಿಸಿದೆ.

ಅಪ್ಪನಿಗೆ ಮಾತ್ರ ಒಂದು ಕೊರತೆ ಉಳಿಯಿತು. ಅವರ ಇನ್ನೊಂದು ಆಸೆ ರಂಗಗೀತೆ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಕಂಪನಿ ನಮ್ಮೂರಿನದೇ. ಮುಂದೆ ಚಿಂದೋಡಿ ಲೀಲಾ ಅವರು ಅದನ್ನು ಬೆಳೆಸಿದರು. ಆ ನಾಟಕಗಳ ಹಾಡಿಗಾಗಿ ಅಪ್ಪ ರಾತ್ರಿಯಿಡೀ ಟೆಂಟಿನಲ್ಲಿ ಕೂತವರು. "ನಾಟಕದ ಹಾಡು ಬರಲ್ವೇನಪ್ಪ ಇದ್ರಾಗೆ?" ಅಂತ ಕೇಳುತ್ತಿದ್ದರು. ನಾನು ಕೇಳಿದ ಮೂರು ವರ್ಷದಲ್ಲಿ ಒಂದು ರಂಗಗೀತೆಯೂ ನನ್ನ ಕಿವಿಗೆ ಬೀಳಲಿಲ್ಲ. ಅದು ಸಿಕ್ಕಿದ್ದು ಆಕಾಶವಾಣಿಯ ಚಿತ್ರದುರ್ಗ ಎಫ್‌ಎಂ, ಧಾರವಾಡ ಕೇಂದ್ರಗಳಲ್ಲೇ. ಇದನ್ನು ನಾನು ದೂರು ಅಂತ ಹೇಳುತ್ತಿಲ್ಲ. ಏಷ್ಯಾಕ್ಕೆಲ್ಲ ಕೇಳಿಸುವ ಉಪಗ್ರಹದಲ್ಲಿ ಜಾಗ ಸಿಗಲು ದೇಶದ ತುಂಬ ಹರಡಿದ ಕೆಲವು ಸಾವಿರ ಕೇಳುಗರಾದರೂ ಬೇಕು. ಜೈಪುರ ಘರಾಣೆಗೆ ಅಷ್ಟು ಜನ ಇದ್ದರು. ದಾವಣಗೆರೆ ಸೀಮೆಯ ರಂಗಗೀತೆಗೆ ಇರಲಿಲ್ಲ. ಇನ್ನೂ ಸಣ್ಣದನ್ನು ಪ್ರೀತಿಸುವವರು ಊರ ಹತ್ತಿರದ ರೇಡಿಯೋವನ್ನು ಕೈಬಿಡಬಾರದು. ಅಪ್ಪನಿಗಾಗಿ ಹಳೆಯ ಟ್ರಾನ್ಸಿಸ್ಟರ್ ಅಡುಗೆಮನೆ ಗೂಡಿನಲ್ಲಿ ಹಾಗೇ ಇತ್ತು.

2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿದ್ದ ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ವರ್ಲ್ಡ್‌ಸ್ಪೇಸ್ ನಿಂತಿತು. ಆಗ ಭಾರತದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಚಂದಾದಾರರಿದ್ದರು. ನನ್ನ ಕೊನೆಯ ಸಾಲು ಆ ರಾತ್ರಿಯದು. ಖರ್ಚಿನ ಕಡೆ ಇದೆ. ಮಾಲಕಂಸದ ಥರದ ರಾಗ, ಗಂಡಸಿನ ದನಿ. ಹೆಸರು ಕೇಳಿಸಿಕೊಳ್ಳಲಾಗಲಿಲ್ಲ, ಅಪ್ಪನಿಗೆ ಕೆಮ್ಮು ಜಾಸ್ತಿಯಾಗಿ ಕೆಳಗೆ ಇಳಿದಿದ್ದೆ.

ಆಮೇಲೆ ಕೆಲವು ವರ್ಷ ಸುಮ್ನೆ ಇದ್ದೆ. ಅಪ್ಪ ಹೋದರು. ಮಗ ಮೊಬೈಲ್ ಕೊಡಿಸಿದ ಮೇಲೆ ಕಿರ್ದಿ ಪುಸ್ತಕಕ್ಕೆ ಮತ್ತೆ ಜೀವ ಬಂತು. ಯೂಟ್ಯೂಬಿನಲ್ಲಿ ಒಂದೊಂದೇ ಹೆಸರು ಹಾಕಿ ಹುಡುಕಿದೆ. ಜಮಾದಲ್ಲಿದ್ದವು ಮುಕ್ಕಾಲು ಪಾಲು ಸಿಕ್ಕವು. ಯಾರೋ ಪುಣ್ಯಾತ್ಮರು ತಮ್ಮ ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ಹಾಕಿದ್ದಾರೆ. ಖರ್ಚಿನ ಕಡೆಯವು ಒಂದೂ ಸಿಗಲಿಲ್ಲ. ಮೊಬೈಲಿನಲ್ಲಿ ಜಗತ್ತಿನ ಸಂಗೀತವೆಲ್ಲ ಇದೆ ಅಂತಾರೆ, ನಿಜ. ಆದರೆ ಅದು ಹೆಸರು ಕೇಳುತ್ತದೆ. ಹೆಸರು ಹೇಳದಿದ್ದರೆ ನಿನ್ನೆ ಕೇಳಿದ್ದರ ಥರದ್ದನ್ನೇ ಇವತ್ತೂ ಕೊಡುತ್ತದೆ. ಒಂದು ವಾರ ನಾನು ಸುಮ್ನೆ ಅದರ ಪಾಡಿಗೆ ಬಿಟ್ಟು ನೋಡಿದೆ. ಮನಸೂರರಿಂದ ಶುರುವಾಗಿ ನಾಲ್ಕನೇ ದಿನಕ್ಕೆ ಎಲ್ಲರಿಗೂ ಗೊತ್ತಿರುವ ಯಮನ್, ಭೂಪಗಳಿಗೆ ಬಂದು ನಿಂತಿತು.

2017ರಲ್ಲಿ ಆಕಾಶವಾಣಿಯ ರಾಗಂ ಬಗ್ಗೆ ತಿಳಿಯಿತು. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ಶಾಸ್ತ್ರೀಯ ಸಂಗೀತದ ಚಾನೆಲ್. ಇಪ್ಪತ್ನಾಲ್ಕು ಗಂಟೆ. ಹಿಂದೂಸ್ತಾನಿ, ಕರ್ನಾಟಕ ಎರಡೂ. ದೂರದರ್ಶನದ ಫ್ರೀ ಡಿಶ್‌ನಲ್ಲಿ ಬರುತ್ತದೆ, ತಿಂಗಳ ಚಂದಾ ಇಲ್ಲ. ಬಹಳ ಜನರಿಗೆ ಇದು ಗೊತ್ತಿಲ್ಲ. ಮನೆಯಲ್ಲಿ ಆ ಡಿಶ್ ಇದ್ದರೆ ನಿಮ್ಮ ಮನೆಯಲ್ಲಿ ಉಪಗ್ರಹ ರೇಡಿಯೋ ಇದೆ ಅಂತಲೇ ಅರ್ಥ. ರಿಮೋಟಿನಲ್ಲಿ ರೇಡಿಯೋ ಗುಂಡಿ ಒತ್ತಿ ನೋಡಬೇಕು ಅಷ್ಟೆ. ಆಕಾಶವಾಣಿಯ ಹತ್ತಾರು ಕೇಂದ್ರಗಳು ಅಲ್ಲಿವೆ.

ಈ ಸಲ ಡಿಶ್ ಹುಡುಗನಿಗೆ ದಿಕ್ಕು ನಾನೇ ತೋರಿಸಿದೆ. ಫ್ರೀ ಡಿಶ್ ಬರುವ ಉಪಗ್ರಹ ಜಿಸ್ಯಾಟ್ 15 ಇರೋದು 93.5 ಡಿಗ್ರಿ ಪೂರ್ವದಲ್ಲಿ. ಹಳೆಯದಕ್ಕಿಂತ ಸ್ವಲ್ಪ ದಕ್ಷಿಣಕ್ಕೆ, ಸ್ವಲ್ಪ ಮೇಲೆ. "ಅಂಕಲ್, ನಿಮಗೆ ಇದೆಲ್ಲ ಹೆಂಗೆ ಗೊತ್ತು?" ಅಂದ. ಟೀವಿ ಹಚ್ಚಿಕೊಂಡು ಸಂಗೀತ ಕೇಳಲು ನನಗೆ ಮನಸ್ಸಾಗಲಿಲ್ಲ. ಸೆಟ್‌ಟಾಪ್ ಬಾಕ್ಸಿನ ಹಿಂದೆ ಮೂರು ಬಣ್ಣದ ತೂತುಗಳಿರುತ್ತವೆ. ಹಳದಿ ಚಿತ್ರಕ್ಕೆ, ಕೆಂಪು ಬಿಳಿ ದನಿಗೆ. ಕೆಂಪು ಬಿಳಿ ಎರಡನ್ನೇ ಹಳೆಯ ಟೇಪ್‌ರೆಕಾರ್ಡರಿನ ಆಂಪ್ಲಿಫೈಯರ್‌ಗೆ ಕೊಟ್ಟೆ. ಚಾನೆಲ್ ಹಾಕಿ ಟೀವಿ ಆರಿಸಿದರೆ ದನಿ ಮಾತ್ರ ಬರುತ್ತದೆ. ಕಷ್ಟ ಬರೋದು ಮಳೆಯಲ್ಲಿ. ಈ ಡಿಶ್ಶಿನ ಅಲೆ ಬರೀ ಒಂದು ಅಂಗುಲದಷ್ಟು. ಜೋರು ಮಳೆ ಹಿಡಿದರೆ ಹನಿಗಳೇ ಅದನ್ನು ನುಂಗಿಬಿಡುತ್ತವೆ. ಮೇಘಮಲ್ಹಾರ್ ಹಾಕುವ ಕಾಲದಲ್ಲೇ ದನಿ ಕಡಿದು ಹೋಗುತ್ತದೆ. ಆಗ ಆಕಾಶವಾಣಿಯ ಆ್ಯಪ್ ಹಚ್ಚುತ್ತೇನೆ, ಅಲ್ಲೂ ರಾಗಂ ಬರುತ್ತದೆ.

ಹೊಸ ಕಿರ್ದಿ ತೆಗೆದೆ. ಮೊದಲ ತಿಂಗಳು 70 ಸಾಲು, 38 ಕೆಂಪು ಚುಕ್ಕೆ. ಹೆಚ್ಚಿನವು ದೊಡ್ಡ ಹೆಸರಿನವರದಲ್ಲ. ಬೇರೆ ಬೇರೆ ಊರಿನ ಆಕಾಶವಾಣಿ ಕಲಾವಿದರು. ಅವರ ಕ್ಯಾಸೆಟ್ಟೂ ಇಲ್ಲ, ಸಿಡಿಯೂ ಇಲ್ಲ. ಸ್ಟುಡಿಯೋಕ್ಕೆ ಬಂದು ಹಾಡಿ ಹೋದವರು. ಅದರಲ್ಲಿ ಒಬ್ಬರ ಖಟ್ ರಾಗ ಕೇಳಿ ನಾನು ಎರಡು ದಿನ ಬೇರೇನೂ ಕೇಳಲಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಹಳೆಯ ಪುಸ್ತಕದಲ್ಲಿ ಇನ್ನೊಂದು ಲೆಕ್ಕವೂ ಇದೆ. ವರ್ಲ್ಡ್‌ಸ್ಪೇಸ್‌ನ ಎರಡನೇ ವರ್ಷ ಅದೇ ತಿಂಗಳಲ್ಲಿ ಕೆಂಪು ಚುಕ್ಕೆ 17. ಮೂರನೇ ವರ್ಷ 9. ಅಂದರೆ ಅವರ ಭಂಡಾರದ ತಳ ನನಗೆ ಕಾಣತೊಡಗಿತ್ತು. ಒಂಬತ್ತಕ್ಕೂ ನಾನು ಸಂತೋಷದಿಂದ ಚಂದಾ ಕಟ್ಟಿದೆ. ಹೊಸ ರಾಗ ಒಂಬತ್ತು ಅಂದರೆ ಸಣ್ಣದಲ್ಲ. ಆದರೆ ಎಲ್ಲರೂ ಹಾಗೆ ಕಟ್ಟಬೇಕಿಲ್ಲ.

ನಿನ್ನೆ ಅವನಿಗೆ ಇಷ್ಟು ಹೇಳಿದೆ. ಪುಕ್ಕಟೆ ಕೊಟ್ಟ ಮೂರು ತಿಂಗಳು ಪೂರ್ತಿ ಆ ಚಾನೆಲ್ ಕೇಳು. ಮೊಬೈಲ್ ಸಿಗ್ನಲ್ ಇಲ್ಲದ ಬೆಟ್ಟದ ರಸ್ತೆಯಲ್ಲಿ ಹೋಗುವುದು ಜಾಸ್ತಿ ಇದ್ದರೆ ಅದೊಂದು ಲಾಭ ಬೇರೆ. ಕಾರು ನಿಲ್ಲಿಸಿದ ಮೇಲೆ ಕೇಳಿದ ಹೆಸರು ಬರೆದಿಡು, ಹೊಸದಕ್ಕೆ ಚುಕ್ಕೆ ಹಾಕು. ಮೂರನೇ ತಿಂಗಳಲ್ಲೂ ವಾರಕ್ಕೆ ನಾಲ್ಕೈದು ಚುಕ್ಕೆ ಬೀಳುತ್ತಿದ್ದರೆ ಯೋಚನೆ ಮಾಡದೆ ಕಟ್ಟು. ಬೀಳದಿದ್ದರೆ ಆ ದುಡ್ಡಿಗೆ ಪಟ್ಟಿಯಲ್ಲಿದ್ದವರ ರೆಕಾರ್ಡ್ ಕೊಳ್ಳು, ಕಛೇರಿಗೆ ಹೋಗು. ಯಾವುದಾದರೂ ಸರಿ, ಹೆಸರು ಮಾತ್ರ ಬರೆಯೋದು ಬಿಡಬೇಡ, ರೇಡಿಯೋ ಯಾವತ್ತು ನಿಲ್ಲುತ್ತದೋ ಹೇಳಲಾಗದು.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಾನೆ. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆ. ಎಡಗಡೆ ಜಮಾ, ಬಲಗಡೆ ಖರ್ಚು ಅಂತ ಕನ್ನಡದಲ್ಲೇ ಬರೆದಿದ್ದಾನೆ. ಜಮಾದಲ್ಲಿ ಏಳು ಹೆಸರು, ಐದಕ್ಕೆ ಚುಕ್ಕೆ. ಖರ್ಚಿನ ಕಡೆ ಒಂದೇ ಸಾಲು: "ಬ್ಯಾಂಜೋ ಒಂದೇ, ತುಂಬ ನಿಧಾನ, ಟೋಲ್ ಗೇಟ್ ಬಂತು."